ಎಂಟು ಬಾಯಿಯ ಪೆಟ್ಟಿಗೆ

ನಂಜನಗೂಡಿನ ನಮ್ಮ ಮನೆಯ ಮಹಡಿ ಮೇಲೆ ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯಿದೆ. ನಮ್ಮಪ್ಪನ ಕಾಲದಲ್ಲಿ ಅದು ರಸಬಾಳೆಯ ಗೊನೆ ತೂಗುಹಾಕುವ ಕೋಣೆಯಾಗಿತ್ತು. ನನ್ನ ಕಾಲದಲ್ಲಿ ಉತ್ತರಪತ್ರಿಕೆ ತಿದ್ದುವ ಕೋಣೆಯಾಯಿತು. ಈಗ ಅದಕ್ಕೆ ಸ್ಟುಡಿಯೋ ಎಂದು ಹೆಸರು. ಹೆಸರಿಟ್ಟವಳು ನನ್ನ ಹೆಂಡತಿ, ಅದೂ ಪ್ರೀತಿಯಿಂದೇನಲ್ಲ. "ಸ್ಟುಡಿಯೋ ಯಜಮಾನರು ಊಟಕ್ಕೆ ಇಳೀತಾರೋ, ತಟ್ಟೆ ಮೇಲಕ್ಕೇ ಕಳಿಸಲೋ?" ಎಂದು ಅವಳು ಅಡುಗೆಮನೆಯಿಂದ ಕೂಗಿದರೆ ಆ ಕೂಗು ನನ್ನ ಎಲ್ಲ ರೆಕಾರ್ಡಿಂಗುಗಳಲ್ಲೂ ಅಚ್ಚುಕಟ್ಟಾಗಿ ದಾಖಲಾಗಿರುತ್ತದೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನಿಗೆ ಈ ಹುಚ್ಚು ಹೇಗೆ ಹಿಡಿಯಿತೆಂದು ಕೇಳುವವರುಂಟು. ಹಿಡಿಸಿದ್ದು ಕಪಿಲೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಊರಿನ ತಗ್ಗು ಬೀದಿಗಳಿಗೆ ನೀರು ನುಗ್ಗಿತಲ್ಲ, ಆಗ ನಮ್ಮ ಮನೆಯ ಕೆಳಗಿನ ಕೋಣೆಯಲ್ಲೂ ಮೊಣಕಾಲುದ್ದ ನೀರು ನಿಂತಿತು. ಅಕ್ಕಿ, ಬೇಳೆ, ಹಾಸಿಗೆ, ಎಲ್ಲವನ್ನೂ ಮೇಲಕ್ಕೆ ಸಾಗಿಸಿದ ನಾವು ಮಂಚದ ಕೆಳಗಿದ್ದ ಒಂದು ಹಳೆಯ ಟ್ರಂಕನ್ನು ಮರೆತೆವು. ಅದರಲ್ಲಿ ಇಪ್ಪತ್ತೆರಡು ಕ್ಯಾಸೆಟ್ಟುಗಳಿದ್ದವು. 1996ರ ಚಳಿಗಾಲದಲ್ಲಿ ತಿ. ನರಸೀಪುರದ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ನೀಲಗಾರರು ಹಾಡಿದ್ದ ಮಂಟೇಸ್ವಾಮಿ ಕಥೆ, ನನ್ನ ಟೇಪ್ ರೆಕಾರ್ಡರಿನಲ್ಲಿ ನಾನೇ ಮೂರು ರಾತ್ರಿ ಕೂತು ಹಿಡಿದದ್ದು. ನೀರಿಳಿದ ಮೇಲೆ ಟ್ರಂಕು ತೆರೆದರೆ ಕಂದು ಬಣ್ಣದ ಗೊಜ್ಜು.

ನೀಲಗಾರರ ಹಾಡನ್ನು ಕೇಳದವರಿಗಾಗಿ ಎರಡು ಮಾತು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಕಥೆಯನ್ನು ದೀಕ್ಷೆ ಪಡೆದು ಹಾಡುವವರು ಇವರು. ಮುಖ್ಯ ಗಾಯಕರ ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಅವರ ಪಕ್ಕದಲ್ಲಿ ದಮ್ಮಡಿ, ತಾಳ ಹಿಡಿದ ಹಿಮ್ಮೇಳದವರು. ಒಬ್ಬರು ಸಾಲನ್ನು ಎತ್ತಿಕೊಟ್ಟರೆ ಇನ್ನೊಬ್ಬರು ಅದರ ಬಾಲ ಹಿಡಿದು ಎಳೆಯುತ್ತಾರೆ. ನಡುನಡುವೆ ಮಾತು, ನಗೆ, ಮತ್ತೆ ಹಾಡು. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಲು ಹೋಗುವ ಭಾಗವೊಂದೇ ಒಂದು ರಾತ್ರಿ ಹಿಡಿಯುತ್ತದೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ, ಕಪ್ಪಡಿಯ ಜಾತ್ರೆಯಲ್ಲಿ ಇದನ್ನು ಕೇಳಿದವರಿಗೆ ನಾನು ವಿವರಿಸಬೇಕಾಗಿಲ್ಲ.

ಆ ಕ್ಯಾಸೆಟ್ಟುಗಳು ಹೋದದ್ದಕ್ಕೆ ನನಗೆ ದುಃಖವಾಯಿತು ನಿಜ. ಆದರೆ ಸುಳ್ಳೇಕೆ, ಅವು ಚೆನ್ನಾಗಿಯೂ ಇರಲಿಲ್ಲ. ಒಂದೇ ಮೈಕು. ಅದನ್ನು ಗಾಯಕರ ಮುಂದಿಟ್ಟರೆ ಹಿಮ್ಮೇಳ ಬಾವಿಯೊಳಗಿಂದ ಬಂದಂತೆ. ನಡುವೆ ಇಟ್ಟರೆ ದಮ್ಮಡಿಯ ಏಟಿಗೆ ಮಾತೆಲ್ಲ ಪುಡಿ. ಒಂದೇ ಬಾಯಿಯ ಯಂತ್ರದ ಹಣೆಬರಹ ಅದು. ನಮ್ಮ ಮೈಸೂರಿಗೆ 1928ರಲ್ಲಿ ಆಸ್ಥಾನ ವಿದುಷಿಯಾಗಿ ಬಂದು 1930ರಲ್ಲಿ ಇಲ್ಲೇ ತೀರಿಕೊಂಡ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದೂ ಒಂದೇ ಕೊಳವೆಯ ಬಾಯಿಗೆ. ಆದರೆ ಆಕೆ ಹಾಡಬೇಕಾಗಿದ್ದದ್ದು ಮೂರು ಚಿಲ್ಲರೆ ನಿಮಿಷ. ನಮ್ಮ ನೀಲಗಾರರದು ಮೂರು ರಾತ್ರಿ.

ಟ್ರಂಕಿನ ಸುದ್ದಿ ಹೇಳಲು ಮುಂದಿನ ವಾರವೇ ಬಸ್ಸು ಹತ್ತಿ ಹೊರಟೆ. ಕಪಿಲೆ ಹರಿಯುವ ದಿಕ್ಕಿಗೇ ನಾವೂ ಹೋದರೆ ಸುತ್ತೂರು, ಅದನ್ನು ದಾಟಿದರೆ ತಿರುಮಕೂಡಲು, ಅಲ್ಲಿ ಕಪಿಲೆ ಕಾವೇರಿಗೆ ಸೇರುವುದು. ನೀಲಗಾರರಿಗೆ ಆಗಲೇ ಎಪ್ಪತ್ತು ದಾಟಿತ್ತು. ಸುತ್ತಿನ ಊರಿನವರೆಲ್ಲ ಅವರನ್ನು ತಾತ ಎನ್ನುತ್ತಾರೆ, ನಾನೂ ಹಾಗೆಯೇ. ತಾತ ಬೀಡಿ ಆರಿಸಿ ಕೇಳಿದರು: "ಓದ್ರೆ ಓಗ್ಲಿ ಬುಡಿ ಮೇಷ್ಟ್ರೇ. ಪೆಟ್ಗೆ ಮುಳುಗ್ತು, ನಾನು ಮುಳುಗ್ನಿಲ್ವಲ್ಲ. ಇನ್ನೊಂದ್ಸಲ ಆಡೋನಂತೆ." ಪಕ್ಕದಲ್ಲಿ ಕೂತಿದ್ದ ಅವರ ಹಿಮ್ಮೇಳದ ಜೊತೆಗಾರ, ಸಂಬಂಧದಲ್ಲಿ ಅವರ ತಂಗಿಯ ಗಂಡ, ದಮ್ಮಡಿ ಬಾರಿಸುವ ಬೆರಳಿನಿಂದ ಕಟ್ಟೆಯ ಮೇಲೆ ಎರಡೇಟು ಹಾಕಿ, "ಬಿರ್ನೆ ಆಗ್ಬೇಕು ಆದ್ರೆ" ಎಂದರು.

ಬಿರ್ನೆ ಎಂದರೆ ಬೇಗ. ನಾನು ಎರಡು ವರ್ಷ ತೆಗೆದುಕೊಂಡೆ.

ಮೊದಲ ವರ್ಷ ಕೊರೊನಾ ತಿಂದುಹಾಕಿತು ಎಂದು ನೆಪ ಹೇಳಬಹುದು. ಎರಡನೆಯ ವರ್ಷ ನಾನು ಕಳೆದದ್ದು ಪೆಟ್ಟಿಗೆ ಆರಿಸುವುದರಲ್ಲಿ. ಹಾಡನ್ನು ಕಂಪ್ಯೂಟರಿಗೆ ತುಂಬಿಸಲು ನಡುವೆ ಒಂದು ಪೆಟ್ಟಿಗೆ ಬೇಕು. ಆಡಿಯೋ ಕನ್ವರ್ಟರ್ ಎನ್ನುತ್ತಾರೆ. ಮೈಕು ಗಾಳಿಯ ಅಲೆಯನ್ನು ವಿದ್ಯುತ್ತಿನ ಅಲೆಯಾಗಿಸುತ್ತದೆ. ಆ ಅಲೆಯ ಎತ್ತರವನ್ನು ಈ ಪೆಟ್ಟಿಗೆ ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಅಳೆದು ಅಂಕಿಯಾಗಿ ಬರೆದುಕೊಡುತ್ತದೆ. ಅಳೆಯುವ ಕೋಲಿನಲ್ಲಿ ಎಷ್ಟು ಗೆರೆಗಳಿವೆ ಎಂಬುದೇ ಬಿಟ್ಟಿನ ಲೆಕ್ಕ. 16 ಬಿಟ್ಟಿನ ಕೋಲಿನಲ್ಲಿ 65,536 ಗೆರೆ; 24 ಬಿಟ್ಟಿನ ಕೋಲಿನಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷದಷ್ಟು. ಮಕ್ಕಳಿಗೆ ಪಾಠ ಹೇಳಿದವನಿಗೆ ಇಷ್ಟು ತಿಳಿಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಎಷ್ಟು ಬಾಯಿಯ ಪೆಟ್ಟಿಗೆ ಕೊಳ್ಳಬೇಕೆಂಬುದು.

ನನ್ನ ಬಳಿ ಇದ್ದದ್ದು ನಲವತ್ತು ಸಾವಿರ ರೂಪಾಯಿ. ಅದೂ ನಿವೃತ್ತಿಯ ಹಣದಲ್ಲಿ ಹೆಂಡತಿಗೆ ಒಂದು ಲೆಕ್ಕ, ನನಗೆ ಒಂದು ಲೆಕ್ಕ ಎಂದು ಎತ್ತಿಟ್ಟದ್ದು. ಮೈಕು, ವಯರು, ಸ್ಟ್ಯಾಂಡು ಎಲ್ಲ ತಿ. ನರಸೀಪುರದ ನನ್ನ ಭಾಮೈದ ಕೊಡುವುದಾಗಿ ಒಪ್ಪಿದ್ದ. ಅವನದು ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ಅಂಗಡಿ. 1989ರಲ್ಲಿ ತಿರುಮಕೂಡಲಿನ ಸಂಗಮದಲ್ಲಿ ಮೊದಲ ಕುಂಭಮೇಳ ನಡೆದಾಗ ನನ್ನ ಮಾವನವರು ಎರಡು ಹಾರ್ನು ಬಾಡಿಗೆಗೆ ತಂದು ಶುರುಮಾಡಿದ ವ್ಯಾಪಾರವದು. ಭಾಮೈದನಿಗೆ ಶಬ್ದವೆಂದರೆ ದೊಡ್ಡದಾಗಿರಬೇಕು, ಅಷ್ಟೆ. "ಭಾವ, ಹತ್ತು ಸಾವಿರ ಜನಕ್ಕೆ ಕೇಳಿಸೋದು ನಾನು ಮಾಡ್ಕೊಡ್ತೀನಿ. ಒಬ್ಬರಿಗೆ ಚೆನ್ನಾಗಿ ಕೇಳಿಸೋದು ಹೇಗೆ ಅಂತ ನೀವೇ ನೋಡ್ಕೊಳ್ಳಿ" ಎಂದ. ಅವನ ಇಡೀ ಜೀವನದಲ್ಲಿ ಅಷ್ಟು ಒಳ್ಳೆಯ ಮಾತು ಮತ್ತೆ ಆಡಿದ್ದು ನಾನು ಕೇಳಿಲ್ಲ.

ನೋಡಿಕೊಂಡೆ. ಕ್ಯಾಟಲಾಗುಗಳನ್ನು ಪಂಚಾಂಗದ ಹಾಗೆ ಓದಿದೆ. ಓದಿದಷ್ಟೂ ಗೋಜಲು. ಒಂದು ಪೆಟ್ಟಿಗೆಯ ಮೇಲೆ 18 ಇನ್‌ಪುಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಹದಿನೆಂಟು ಮೈಕು ಹಾಕಬಹುದೆಂದು ಹಿಗ್ಗಿದರೆ ಕೆಟ್ಟಿರಿ. ಒಳಹೊಕ್ಕು ನೋಡಿದರೆ ಮೈಕಿಗೆ ಇರುವುದು ಎಂಟೇ ತೂತು. ಇನ್ನೆಂಟು ಒಂದು ಬೆಳಕಿನ ತಂತಿಯ ಮೂಲಕ ಬರಬೇಕಾದವು, ಅದಕ್ಕೆ ಬೇರೆ ಪೆಟ್ಟಿಗೆ ಕೊಳ್ಳಬೇಕು. ಉಳಿದೆರಡು ಮತ್ತೊಂದು ಬಗೆಯ ಡಿಜಿಟಲ್ ತಂತಿಗೆ. ಅದೇ 18 ಎಂಬ ಸಂಖ್ಯೆ ಹೊತ್ತ ಇನ್ನೊಂದು ಪೆಟ್ಟಿಗೆಗೆ ಮೈಕಿನ ತೂತು ನಾಲ್ಕೇ. ಮದುವೆ ಕರೆಯೋಲೆಯ ಕೆಳಗೆ "ಬಂಧುಮಿತ್ರರು" ಎಂದು ಇರುತ್ತದಲ್ಲ, ಹಾಗೆ. ಎಲ್ಲರೂ ಎಣಿಕೆಗೆ, ಕೆಲಸಕ್ಕೆ ಬರುವವರು ನಾಲ್ವರು. ಇನ್ನು ಬರಿಯ ಕನ್ವರ್ಟರ್ ಎಂದು ಮಾರುವ ದುಬಾರಿ ಪೆಟ್ಟಿಗೆಗಳಿವೆ. ಅವುಗಳಲ್ಲಿ ಅನೇಕಕ್ಕೆ ಮೈಕನ್ನು ನೇರವಾಗಿ ಸಿಕ್ಕಿಸಲು ಆಗುವುದೇ ಇಲ್ಲ. ಮೈಕಿನ ಬಡಕಲು ವಿದ್ಯುತ್ತನ್ನು ಉಬ್ಬಿಸುವ ಪ್ರೀಆಂಪ್ಲಿಫೈಯರ್ ಬೇರೆ ಬೇಕು. ಕಂಡೆನ್ಸರ್ ಮೈಕಿಗೆ 48 ವೋಲ್ಟು ಊಡಿಸುವ ಏರ್ಪಾಡೂ ಬೇಕು. ಮನೆಯಲ್ಲಿ ಸ್ಟುಡಿಯೋ ಮಾಡುವವರು ಮೊದಲು ಎಡವುವ ಕಲ್ಲು ಇದೇ.

ಆ ಬೆಳಕಿನ ತಂತಿಯ ಕಥೆ ನನಗೆ ಬಹಳ ಹಿಡಿಸಿತು. ಅದಕ್ಕೆ ಎಡ್ಯಾಟ್ ಎಂದು ಹೆಸರು. ಅಲೆಸಿಸ್ ಎಂಬ ಅಮೆರಿಕದ ಕಂಪನಿ 1991ರಲ್ಲಿ ಆ ಹೆಸರಿನ ಯಂತ್ರವೊಂದನ್ನು ಹೊರಗೆ ತೋರಿಸಿತು. ವಿಡಿಯೋ ಕ್ಯಾಸೆಟ್ಟಿನಂಥ ಎಸ್-ವಿಎಚ್‌ಎಸ್ ಟೇಪಿನ ಮೇಲೆ ಎಂಟು ಬಾಯಿಯ ಶಬ್ದವನ್ನು ಅಂಕಿಗಳಾಗಿ ಬರೆಯುವ ಯಂತ್ರ. ದೊಡ್ಡ ಸ್ಟುಡಿಯೋಗಳಲ್ಲಿ ಮಾತ್ರ ಸಾಧ್ಯವಿದ್ದದ್ದು ಸಾಮಾನ್ಯರ ಮನೆಗೆ ಇಳಿದದ್ದು ಅದರಿಂದ. ಆ ಯಂತ್ರವೂ ಹೋಯಿತು, ಟೇಪೂ ಹೋಯಿತು. ಯಂತ್ರದಿಂದ ಯಂತ್ರಕ್ಕೆ ಎಂಟು ಬಾಯಿಯನ್ನು ಒಂದೇ ತಂತಿಯಲ್ಲಿ ಸಾಗಿಸುವ ಅದರ ಪದ್ಧತಿ ಮಾತ್ರ ಉಳಿದು, ಇವತ್ತಿನ ಪೆಟ್ಟಿಗೆಗಳ ಬೆನ್ನಿನಲ್ಲೂ ಆ ಚೌಕ ಕಿಂಡಿ ಇರುತ್ತದೆ. ಎತ್ತು ಸತ್ತು ಎಷ್ಟೋ ವರ್ಷವಾದರೂ ಕೊಟ್ಟಿಗೆಯ ಸೂರಿನಲ್ಲಿ ನೊಗ ಇರುತ್ತದಲ್ಲ, ಹಾಗೆ.

ಎಂಟು ಬಾಯಿ ಬೇಕೆಂದು ನಾನು ತೀರ್ಮಾನಿಸಿದ್ದೆ. ಲೆಕ್ಕ ಸರಳ: ತಾತನ ಗಂಟಲಿಗೆ ಒಂದು, ತಂಬೂರಿಗೆ ಒಂದು, ಗಗ್ಗರಕ್ಕೆ ಒಂದು, ಜೊತೆಗಾರನ ಗಂಟಲಿಗೆ ಒಂದು, ಅವರ ದಮ್ಮಡಿಗೆ ಒಂದು, ತಾಳದ ಹುಡುಗನಿಗೆ ಒಂದು, ಕೋಣೆಯ ಒಟ್ಟು ಶಬ್ದಕ್ಕೆ ಎರಡು. ಎಂಟು ಮೈಕಿನ ತೂತಿರುವ ಹೊಸ ಪೆಟ್ಟಿಗೆ ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು. ಅಷ್ಟರಲ್ಲಿ ಮೈಸೂರಿನ ಒಬ್ಬರು ನಾಲ್ಕು ಬಾಯಿಯ ಎರಡು ಹಳೆಯ ಪೆಟ್ಟಿಗೆಗಳನ್ನು ಹದಿನೆಂಟು ಸಾವಿರಕ್ಕೆ ಕೊಡುತ್ತೇನೆಂದರು. ನಾಲ್ಕು ನಾಲ್ಕಲ ಎಂಟು. ಹನ್ನೆರಡು ಸಾವಿರ ಉಳಿತಾಯ. ಮೇಷ್ಟರ ಬುದ್ಧಿ ಕೂಡುವ ಲೆಕ್ಕದಲ್ಲಿ ಬಲು ಚುರುಕು. ತಂದುಬಿಟ್ಟೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸೌಂಡ್ ಎಂಜಿನಿಯರ್. ತಂದಮೇಲೆ ಅವನಿಗೆ ಫೋನು ಮಾಡಿದೆ. ತರುವ ಮೊದಲು ಮಾಡಬೇಕಿತ್ತು. ಶಿಷ್ಯನನ್ನು ಕೇಳುವುದೇ ಎಂಬ ಬಿಗುಮಾನ. ಅವನು ಒಂದೇ ಪ್ರಶ್ನೆ ಕೇಳಿದ. "ಸಾರ್, ಎರಡಕ್ಕೂ ಗಡಿಯಾರ ಒಂದೇನಾ?" ಗಡಿಯಾರವೆಲ್ಲಿಂದ ಬಂತು ಎಂದೆ. ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ಅಳೆಯಬೇಕಾದರೆ ಪೆಟ್ಟಿಗೆಯೊಳಗೆ ಒಂದು ಹರಳು ಟಿಕ್ ಟಿಕ್ ಎನ್ನುತ್ತಿರಬೇಕಲ್ಲ. ಒಂದರ ಹರಳಿನಂತೆ ಇನ್ನೊಂದರ ಹರಳು ಇರುವುದಿಲ್ಲ. ಎರಡು ಪೆಟ್ಟಿಗೆಗಳು ಜೊತೆಯಾಗಿ ದುಡಿಯಬೇಕಾದರೆ ಒಂದು ಯಜಮಾನನಾಗಿ ಟಿಕ್ ಎಂದಾಗ ಇನ್ನೊಂದು ಕೇಳಿಸಿಕೊಂಡು ಟಿಕ್ ಎನ್ನಬೇಕು. ಆ ಬೆಳಕಿನ ತಂತಿ ಇದ್ದರೆ ಗಡಿಯಾರವೂ ಅದರಲ್ಲೇ ಹರಿಯುತ್ತದೆ; ಇಲ್ಲವೇ ಅದಕ್ಕೆಂದೇ ಇರುವ ವರ್ಡ್ ಕ್ಲಾಕ್ ಕೇಬಲ್ಲು. ನನ್ನ ಎರಡೂ ಪೆಟ್ಟಿಗೆಗಳ ಬೆನ್ನು ನೋಡಿದೆ. ಯುಎಸ್‌ಬಿ ತೂತು ಬಿಟ್ಟರೆ ಬೋಳು.

"ಅಂದರೆ ಎಂಟು ಆಗಲ್ವೇನಪ್ಪ?"

"ಎರಡು ನಾಲ್ಕು ಆಗುತ್ತೆ ಸಾರ್, ಎಂಟು ಆಗಲ್ಲ."

ಮೂವತ್ತು ವರ್ಷ ನಾನು ತಪ್ಪು ಕೊಟ್ಟಿದ್ದಕ್ಕೆಲ್ಲ ಅವನು ಸೇರಿಸಿ ತಪ್ಪು ಕೊಟ್ಟಂತಾಯಿತು.

ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಷ್ಟರಲ್ಲಿ ತಾತನ ಕಡೆಯಿಂದ ಮೂರು ಸಲ ಹೇಳಿಕಳಿಸಿದ್ದರು. ಭಾಮೈದ ದಾರಿ ಹುಡುಕಿದ: ಎರಡು ಲ್ಯಾಪ್‌ಟಾಪು, ಒಂದೊಂದಕ್ಕೆ ಒಂದೊಂದು ಪೆಟ್ಟಿಗೆ, ಆಮೇಲೆ ಎರಡನ್ನೂ ಕೂಡಿಸಿಕೊಂಡರಾಯಿತು. ಶಿಷ್ಯ ಅರೆಮನಸ್ಸಿನಿಂದ, "ಹಾಗಿದ್ರೆ ಶುರುವಿನಲ್ಲಿ ಒಂದು, ಕೊನೇಲಿ ಒಂದು ಚಪ್ಪಾಳೆ ತಟ್ಟಿಸಿ ಸಾರ್, ಮರೀಬೇಡಿ" ಎಂದ.

2021ರ ಡಿಸೆಂಬರಿನ ಒಂದು ರಾತ್ರಿ ತಿ. ನರಸೀಪುರದಲ್ಲಿ ಭಾಮೈದನ ಗೋಡೌನಿನಲ್ಲಿ ಹಾಡಿಕೆ ನಡೆಯಿತು. ಸುತ್ತ ಶಾಮಿಯಾನದ ಬಟ್ಟೆಯ ಸುರುಳಿ, ಮಡಚಿದ ಜಮಖಾನ, ಕೊಟ್ಟಿಗೆಯ ಮೂಲೆಯಲ್ಲಿ ಭತ್ತದ ಮೂಟೆ. ಲಕ್ಷಗಟ್ಟಲೆ ಸುರಿದು ಗೋಡೆಗೆ ಸ್ಪಂಜು ಅಂಟಿಸುವವರು ಆ ಗೋಡೌನಿನೊಳಗೆ ಒಮ್ಮೆ ಚಪ್ಪಾಳೆ ತಟ್ಟಿ ನೋಡಬೇಕು. ಪ್ರತಿಧ್ವನಿಯೇ ಇಲ್ಲ, ಚಪ್ಪಾಳೆ ಬಟ್ಟೆಯೊಳಗೆ ಹೋಗಿ ಮಲಗಿಬಿಡುತ್ತದೆ.

ತೊಂದರೆ ಬಂದದ್ದು ಕೂರುವುದರಲ್ಲಿ. ಒಬ್ಬರ ಶಬ್ದ ಇನ್ನೊಬ್ಬರ ಮೈಕಿಗೆ ನುಗ್ಗಬಾರದೆಂದು ನಾನು ಮೂವರನ್ನೂ ಎಂಟೆಂಟು ಅಡಿ ದೂರದಲ್ಲಿ ಕೂರಿಸಿ ನಡುವೆ ಜಮಖಾನದ ತೆರೆ ಕಟ್ಟಿಸಿದ್ದೆ. ತಾತ ಅತ್ತ ನೋಡಿದರು, ಇತ್ತ ನೋಡಿದರು. "ಇದೇನ್ ಮೇಷ್ಟ್ರೇ, ಆಸ್ಪತ್ರೇಲಿ ಮಲಗ್ಸಿದಂಗೆ ಮಲಗ್ಸಿದ್ದೀರಿ? ಅವ್ನ ಮೊಕ ಕಾಣ್ದೆ ನಾನೆಂಗ್ ಸಾಲ್ ಎತ್ಲಿ?" ಎಂದರು. ಜೊತೆಗಾರರು ಆಗಲೇ ತೆರೆ ಸರಿಸಿ ಎದ್ದುಬಂದು ತಾತನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ನಲವತ್ತು ವರ್ಷ ಕೂತ ಜಾಗವದು. ನನ್ನ ಎಂಟು ಬಾಯಿಯ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ತಾತನ ಮೈಕಿನಲ್ಲಿ ದಮ್ಮಡಿ, ದಮ್ಮಡಿಯ ಮೈಕಿನಲ್ಲಿ ತಾತ, ತಾಳವಂತೂ ಎಲ್ಲದರಲ್ಲಿ. ನಾನು ಹಲ್ಲು ಕಚ್ಚಿ ಗುಂಡಿ ಒತ್ತಿದೆ. ಒಂದು ಚಪ್ಪಾಳೆ ತಟ್ಟಿಸಿದೆ. ಹಾಡು ಶುರುವಾಯಿತು.

ನಾಲ್ಕು ಗಂಟೆ ಹಾಡಿದರು. ಆ ರಾತ್ರಿಯ ವಿಷಯ ನಾನು ಹೆಚ್ಚು ಬರೆಯಲಾರೆ. ಕಬ್ಬಿಣದ ಭಿಕ್ಷೆಯ ಭಾಗದಲ್ಲಿ ಜೊತೆಗಾರರು ಪಾಂಚಾಳರ ಪರವಾಗಿ ಮಾತಾಡುತ್ತ ತಾತನನ್ನೇ ಬೈದು ಹೊರಗಟ್ಟಿದಾಗ ಗೋಡೌನಿನ ಹುಡುಗರು ಬಿದ್ದು ಬಿದ್ದು ನಕ್ಕರು. ಮುಂದಿನ ಕ್ಷಣದಲ್ಲೇ ತಾತ ಎತ್ತಿದ ದನಿಗೆ ನನ್ನ ಭಾಮೈದ ಕಣ್ಣೊರೆಸಿಕೊಂಡ. ಕೊನೆಗೆ ಮಂಗಳ ಹಾಡಿ ತಂಬೂರಿ ಕೆಳಗಿಟ್ಟಾಗ ಯಾರಿಗೂ ಮಾತು ಹೊರಡಲಿಲ್ಲ. ಎರಡನೆಯ ಚಪ್ಪಾಳೆ ತಟ್ಟಿಸುವುದು ನನಗೆ ಮರೆತೇಹೋಯಿತು.

ನಂಜನಗೂಡಿಗೆ ಬಂದು ಎರಡು ಪೆಟ್ಟಿಗೆಯ ಶಬ್ದವನ್ನು ಒಂದರ ಪಕ್ಕದಲ್ಲೊಂದು ಇಟ್ಟು ಕೇಳಿದೆ. ಮೊದಲ ಹತ್ತು ನಿಮಿಷ ಸ್ವರ್ಗ. ಒಂದು ಗಂಟೆಯಾಗುವಷ್ಟರಲ್ಲಿ ಏನೋ ಅಸಮಾಧಾನ, ದಮ್ಮಡಿಯ ಏಟು ಎರಡು ಪದರವಾದಂತೆ. ನಾಲ್ಕನೆಯ ಗಂಟೆಯ ಕೊನೆಯಲ್ಲಿ ಜೊತೆಗಾರರು ತಾತನಿಗಿಂತ ಸೆಕೆಂಡಿನ ಐದನೇ ಒಂದು ಭಾಗ ಹಿಂದೆ ಬೀಳುತ್ತಿದ್ದರು. ನಲವತ್ತು ವರ್ಷದಲ್ಲಿ ಎಂದೂ ತಾಳ ತಪ್ಪದವರನ್ನು ನನ್ನ ಹನ್ನೆರಡು ಸಾವಿರದ ಉಳಿತಾಯ ತಾಳಗೆಡಿಸಿತ್ತು. ಲೆಕ್ಕ ಹಾಕಿದೆ: ಎರಡು ಹರಳುಗಳ ನಡುವೆ ಲಕ್ಷಕ್ಕೆ ಒಂದೂವರೆಯಷ್ಟು ವ್ಯತ್ಯಾಸ. ಕೈಗಡಿಯಾರದಲ್ಲಿ ಅಷ್ಟಿದ್ದರೆ ದಿನಕ್ಕೆ ಒಂದು ಸೆಕೆಂಡು ಚಿಲ್ಲರೆ, ಯಾರೂ ಕೇಳುವುದಿಲ್ಲ. ಹಾಡಿನಲ್ಲಿ ಅದು ಕೊಲೆ.

ಇನ್ನೊಮ್ಮೆ ಹಾಡಿಸಿದರಾಯಿತು ಎಂದುಕೊಂಡೆ. ಹಳೆಯ ಪೆಟ್ಟಿಗೆಗಳನ್ನು ಸಿಕ್ಕಿದ ಬೆಲೆಗೆ ಮಾರಿದೆ. ಈ ಸಲ ಶಿಷ್ಯನನ್ನು ಮನೆಗೇ ಕರೆಸಿ, ಹೋಳಿಗೆ ಊಟ ಹಾಕಿಸಿ ಕೇಳಿದೆ. ನಾನು ಆಗ ಇನ್ನೊಂದು ಗುಂಗಿನಲ್ಲಿದ್ದೆ: 120 ಡೆಸಿಬೆಲ್ಲಿನ ಡೈನಾಮಿಕ್ ರೇಂಜ್ ಇರುವ ದುಬಾರಿ ಪೆಟ್ಟಿಗೆಯೊಂದನ್ನು ಸಾಲ ಮಾಡಿಯಾದರೂ ತರೋಣವೆಂದು. ಅತಿ ಮೆಲ್ಲಗಿನ ಪಿಸುಮಾತಿನಿಂದ ಅತಿ ಜೋರಿನ ಕೂಗಿನವರೆಗೆ ಪೆಟ್ಟಿಗೆ ಎಷ್ಟು ಅಂತರವನ್ನು ಹಿಡಿದೀತು ಎಂಬ ಅಳತೆ ಅದು. ಶಿಷ್ಯ ನಕ್ಕು ಫ್ಯಾನು ತೋರಿಸಿದ. ರಾತ್ರಿ ಹೊತ್ತಿನಲ್ಲಿ ನಮ್ಮ ಈ ಕೋಣೆ ಎಷ್ಟೇ ನಿಶ್ಶಬ್ದವಾದರೂ ಮೂವತ್ತೈದು ಡೆಸಿಬೆಲ್ ಇದ್ದೇ ಇರುತ್ತದೆ. ತಾತ ಗೇಣುದ್ದದಿಂದ ಎತ್ತರದ ದನಿ ತೆಗೆದರೆ ನೂರು. ನಡುವಿನ ಅಂತರ ಅರವತ್ತೈದು. ಮೂವತ್ತು ಸಾವಿರದ ಪೆಟ್ಟಿಗೆಯೇ ನೂರಕ್ಕೆ ಮಿಕ್ಕಿ ಹಿಡಿಯುತ್ತದೆ. "ಮೇಲಿನ ಇಪ್ಪತ್ತಕ್ಕೆ ಲಕ್ಷ ಸುರಿದರೆ ನಿಮಗೆ ಸಿಗೋದು ಈ ಫ್ಯಾನಿನ ಶಬ್ದ ಸಾರ್, ತುಂಬಾ ಸ್ಪಷ್ಟವಾಗಿ" ಎಂದ. 96 ಸಾವಿರ ಸಲ ಅಳೆಯುವುದೂ ಬೇಡವೆಂದ; ಆ ಬೆಳಕಿನ ತಂತಿಯಲ್ಲಿ ಆಗ ಎಂಟರ ಬದಲು ನಾಲ್ಕೇ ಬಾಯಿ ಹಿಡಿಸುತ್ತದೆ, ಡಿಸ್ಕಿನಲ್ಲಿ ಜಾಗವೂ ಇಮ್ಮಡಿ. 48 ಸಾವಿರದಲ್ಲಿ 24 ಬಿಟ್ಟಿನ ಎಂಟು ಬಾಯಿಗೆ ಗಂಟೆಗೆ ನಾಲ್ಕು ಗಿಗಾಬೈಟು ಸಾಕು.

ಹಣ ಉಳಿದರೆ ಎಲ್ಲಿ ಹಾಕಬೇಕೆಂದೂ ಹೇಳಿದ. ಒಳ್ಳೆಯ ಎರಡು ಮೈಕಿಗೆ. ಸರಿಯಾದ ಅರ್ಥಿಂಗಿಗೆ, ಇಲ್ಲದಿದ್ದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ತಂಬೂರಿಯ ಜೊತೆ ತಾನೂ ಶ್ರುತಿ ಹಿಡಿಯುತ್ತದೆ. ಒಂದು ಯುಪಿಎಸ್ಸಿಗೆ. ಕಾಪಿ ಇಡಲು ಎರಡು ಡಿಸ್ಕಿಗೆ, ಒಂದು ನಂಜನಗೂಡಿನಲ್ಲಿ, ಒಂದು ತಿ. ನರಸೀಪುರದಲ್ಲಿ, ಎರಡೂ ಹೊಳೆಯ ದಡ ಎಂಬುದನ್ನು ನೆನಪಿಸಿದೆ, ಎರಡೂ ಮಹಡಿ ಮೇಲಿರಲಿ ಎಂದ. ಅಂತೂ ಎಂಟು ಮೈಕಿನ ತೂತು, ಒಂದೇ ಗಡಿಯಾರ, ಬೆನ್ನಿಗೆ ಮುಂದೆಂದಾದರೂ ಬೇಕಾದೀತೆಂದು ಬೆಳಕಿನ ಕಿಂಡಿ ಇರುವ ಒಂದೇ ಪೆಟ್ಟಿಗೆ ಇಪ್ಪತ್ತೆಂಟು ಸಾವಿರಕ್ಕೆ ಬಂತು. ಮೊದಲೇ ತಂದಿದ್ದರೆ ಆಗುತ್ತಿತ್ತು.

ಆಗುತ್ತಿತ್ತು ಎಂದು ಸುಮ್ಮನೆ ಬರೆದೆ. 2022ರ ಮಳೆಗಾಲದಲ್ಲಿ ಜೊತೆಗಾರರು ತೀರಿಕೊಂಡರು. ಜ್ವರ ಬಂದು ನಾಲ್ಕೇ ದಿನ. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಹೊಸ ಪೆಟ್ಟಿಗೆಯನ್ನು ಆರು ತಿಂಗಳು ಮುಟ್ಟಲಿಲ್ಲ. ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದವರು ಎಂ.ವಿ. ಗೋಪಾಲಸ್ವಾಮಿಯವರು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲೇ ಬಾನುಲಿ ಕೇಂದ್ರ ನಡೆಸಿದವರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಬಂದದ್ದು ಆ ಮನೆಯಿಂದ. ಅವರ ಬಳಿ ಇದ್ದದ್ದು ಪುಟ್ಟ ಟ್ರಾನ್ಸ್‌ಮಿಟರ್. ಇನ್ನೂ ಒಳ್ಳೆಯದು ಬರಲಿ ಎಂದು ಅವರು ಕಾದಿದ್ದರೆ ಏನಾಗುತ್ತಿತ್ತೋ.

ಕೊನೆಗೆ ಶಿಷ್ಯನೇ ಫೋನು ಮಾಡಿ, ಆ ಹಾಳಾದ ರಾತ್ರಿಯ ಫೈಲುಗಳನ್ನು ಕಳಿಸಿ ಎಂದ. ಎರಡನೆಯ ಚಪ್ಪಾಳೆ ಇಲ್ಲವಲ್ಲಪ್ಪ ಎಂದೆ. ಬೇಕಿಲ್ಲ ಸಾರ್ ಎಂದ. ತಾಳ ಎಲ್ಲರ ಮೈಕಿಗೂ ನುಗ್ಗಿದೆಯಲ್ಲ! ಒಂದನೆಯ ಪೆಟ್ಟಿಗೆಯಲ್ಲಿ ಸೋರಿ ಬಂದ ತಾಳದ ಏಟು, ಎರಡನೆಯದರಲ್ಲಿ ಅದೇ ಏಟು. ಹಾಡಿನುದ್ದಕ್ಕೂ ಇಂಥ ಸಾವಿರಾರು ಗುರುತು. ನಾಲ್ಕು ಗಂಟೆಯ ಶಬ್ದವನ್ನು ಲಕ್ಷಕ್ಕೆ ಒಂದೂವರೆಯಷ್ಟು ಕುಗ್ಗಿಸಿ, ಅಲ್ಲಲ್ಲಿ ಗುರುತಿಗೆ ಗುರುತು ಕೂಡಿಸಿ, ಹದಿನೈದು ದಿನದಲ್ಲಿ ಅವನು ಕಳಿಸಿಕೊಟ್ಟ. ಜಮಖಾನದ ತೆರೆ ಕಟ್ಟಿ ನಾನು ತಡೆಯಲು ಹೊರಟಿದ್ದ ಸೋರಿಕೆಯೇ ಆ ರಾತ್ರಿಯನ್ನು ಉಳಿಸಿತ್ತು. ದೂರ ದೂರ ಕೂರಿಸಿ ಗೆದ್ದಿದ್ದರೆ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದೆ.

2023ರ ಬೇಸಿಗೆಗೆ ಮೊದಲು ತಾತನನ್ನು ನಂಜನಗೂಡಿಗೆ ಕರೆತಂದೆವು. ಮಹಡಿ ಮೆಟ್ಟಿಲನ್ನು ಭಾಮೈದ ಕೈಹಿಡಿದು ಹತ್ತಿಸಿದ. ಗೋಡೆಗೆ ಅವನದೇ ಶಾಮಿಯಾನದ ಬಟ್ಟೆ ಮೂರು ಪದರ ತೂಗುಹಾಕಿದ್ದೆವು. ರೈಲಿನ ಕೂಗು, ದೇವಸ್ಥಾನದ ಸುಪ್ರಭಾತ ಎರಡಕ್ಕೂ ಸಿಗದ ಹೊತ್ತು ಹಿಡಿದು, ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ. ಹಿಮ್ಮೇಳಕ್ಕೆ ತಾತನ ಮೊಮ್ಮಗ. ಎಂಟು ತೂತಿನ ಪೆಟ್ಟಿಗೆಯಲ್ಲಿ ನಾವು ತುಂಬಿದ್ದು ಐದೇ: ತಾತನಿಗೊಂದು, ತಂಬೂರಿಗೊಂದು, ಹುಡುಗನಿಗೊಂದು, ಕೋಣೆಗೆರಡು. ಮೊಣಕಾಲಿಗೆ ಮೊಣಕಾಲು ತಾಗಿಸಿಯೇ ಕೂತರು. ಎರಡು ರಾತ್ರಿ ಹಾಡಿದರು. ಗಡಿಯಾರ ಕೂದಲೆಳೆಯಷ್ಟೂ ತಪ್ಪಲಿಲ್ಲ. ತಾತನ ದನಿ ಮಾತ್ರ ಅರ್ಧ ಇಳಿದಿತ್ತು, ಮುಂದಿನ ಹಲ್ಲು ಹೋಗಿ ಕೆಲವು ಅಕ್ಷರಗಳು ಗಾಳಿಯಾಗುತ್ತಿದ್ದವು, ಪಾಂಚಾಳರ ಬೈಗುಳ ಬಂದಾಗ ಹುಡುಗನಿಗೆ ತಾತನನ್ನು ಬೈಯಲು ಬಾಯಿ ಬರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ತಾತ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಆವತ್ತಿಂದು ಅದರಲ್ಲಿ ಅದಾ ಮೇಷ್ಟ್ರೇ?" ಎಂದರು. ಅದರಲ್ಲಿಲ್ಲ, ಕಂಪ್ಯೂಟರಿನಲ್ಲಿದೆ ಎಂದು ಹಾಕಿದೆ. ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿ ನಿಲ್ಲಿಸಿದರು. "ಎಲ್ಲಾರ್ ಬಾಯೂ ಮುಚ್ಚಿ ಅವ್ನೊಬ್ಬುಂದು ಬುಡಕ್ಕಾದದಾ?"

ಆಗುತ್ತದೆ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ತಾತನ ಸಾಲು ಮುಚ್ಚಿದೆ, ತಂಬೂರಿ ಮುಚ್ಚಿದೆ, ದಮ್ಮಡಿ, ತಾಳ, ಕೋಣೆ, ಒಂದೊಂದೇ ಮುಚ್ಚಿದೆ. ಹೆಡ್‌ಫೋನನ್ನು ತಾತನ ಕಿವಿಗೆ ಹಾಕಿದೆ. ಅವರ ರುಮಾಲಿನ ಮೇಲೆ ಅದು ಸರಿಯಾಗಿ ಕೂರಲಿಲ್ಲ. ಮೊಮ್ಮಗ ರುಮಾಲು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಕಬ್ಬಿಣದ ಭಿಕ್ಷೆಯ ಬೈಗುಳದ ಭಾಗವದು. ತಾತ ಕಣ್ಣು ಮುಚ್ಚಿ ಕೇಳಿದರು, ನಡುವೆ ಒಮ್ಮೆ ಗಟ್ಟಿಯಾಗಿ ನಕ್ಕರು. ಆಮೇಲೆ ಹುಬ್ಬು ಗಂಟಿಕ್ಕಿ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡರು.

"ಸಣ್ಣಕ್ಕೆ, ಅವ್ನ ಇಂದ್ಗಡೆ ಯಾರೋ ಆಡ್ತಾವ್ರೆ."

"ನೀವೇ ತಾತ. ಅವರ ಮೈಕಿಗೆ ನಿಮ್ಮ ದನಿ ಸೋರಿದೆ. ತೆಗೆಯೋಕಾಗಲಿಲ್ಲ."

"ಬುಡಿ, ತಗೀಬ್ಯಾಡಿ" ಎಂದು ತಾತ ಮತ್ತೆ ಕಣ್ಣು ಮುಚ್ಚಿದರು. ಕೆಳಗಿನಿಂದ ನನ್ನ ಹೆಂಡತಿ ತಿಂಡಿಗೆ ಕೂಗಿದಳು. ಮೊಮ್ಮಗ ಬಾಗಿಲಿಗೆ ಹೋಗಿ, ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿದ.